ರೆಕ್ಕೆ ಒಡಲಿಗೆ ಕೂಡದಿದ್ದರೆ...



ಪ್ಲಾಸ್ಟಿಕ್ ಭಾಗಗಳನ್ನು ಒಂದಕ್ಕೊಂದು ಅಂಟಿಸಿ ವಿಮಾನದ ಪುಟ್ಟ ಮಾದರಿ ತಯಾರಿಸುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿರುವವರಿಗಂತೂ ಮಾದರಿ ವಿಮಾನ ರಚನೆ ತರಬೇತಿಯ ಒಂದು ಅಂಗವೇ ಆಗಿದೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ವಿಮಾನ ಮೋಡಗಳನ್ನು ಸೀಳಿಕೊಂಡು ಹೊರಟಿರುತ್ತದೆ. ಪೆಟ್ಟಿಗೆ ತೆರೆದರೆ ಒಳಗಿರುವುದು ಬೂದು ಬಣ್ಣದ ಬಿಡಿ ಭಾಗಗಳು. ಉತ್ಸಾಹದಿಂದ ಕೆಲಸ ಆರಂಭಿಸುತ್ತೀರಿ. ಒಡಲಿನ ಎರಡು ಹೋಳುಗಳು ಮೂಗಿನ ಬಳಿ ಚೆನ್ನಾಗಿ ಕೂಡುತ್ತವೆ, ಬಾಲದ ಬಳಿ ಮಾತ್ರ ಒಂದು ಹೋಳು ತುಸು ಉದ್ದವಾಗಿ ನಿಲ್ಲುತ್ತದೆ. ರೆಕ್ಕೆಯನ್ನು ಹಿಡಿದು ನೋಡಿದರೆ ರೆಕ್ಕೆಗೂ ಒಡಲಿಗೂ ನಡುವೆ ಬೆಳಕು ಕಾಣುತ್ತದೆ. ಆಗ ಎಷ್ಟೋ ಮಂದಿ ಬೆರಳಿನಿಂದ ಒತ್ತಿ ಹಿಡಿದು, ಅಂಟು ಸುರಿದು ಹೇಗೋ ಮುಗಿಸುತ್ತಾರೆ. ಇನ್ನು ಕೆಲವರು ಬೇಸರದಿಂದ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸುತ್ತಾರೆ. ಈ ಎರಡೂ ದಾರಿಗಳನ್ನು ಬಿಟ್ಟು ಮೂರನೆಯದೊಂದು ದಾರಿಯಿದೆ. ಇಂದಿನ ಮಾತು ಅದರ ಬಗ್ಗೆ.

ಮೊದಲಿಗೆ ಆ ಸಂದು ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕೋಣ. ಮಾದರಿ ವಿಮಾನಗಳಲ್ಲಿ ಬಹಳ ಪ್ರಚಲಿತವಾದ ಪ್ರಮಾಣ 1:72. ಎಂದರೆ ನಿಜವಾದ ವಿಮಾನ ಮಾದರಿಗಿಂತ 72 ಪಟ್ಟು ದೊಡ್ಡದು. ಆರು ಅಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಒಂದೇ ಒಂದು ಅಂಗುಲ. 1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಸಂಸ್ಥೆ 'ಪೆಂಗ್ವಿನ್' ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಕಿಟ್‌ಗಳನ್ನು ಹೊರತಂದಾಗ ಇದೇ ಪ್ರಮಾಣವನ್ನು ಬಳಸಿತ್ತು. ಈಗ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ 'ಮಾರುತ್' ಯುದ್ಧವಿಮಾನವನ್ನು ತೆಗೆದುಕೊಳ್ಳಿ. ಅದರ ಉದ್ದ 15.87 ಮೀಟರ್, ರೆಕ್ಕೆಗಳ ಹರವು 9 ಮೀಟರ್. 1:72ರ ಮಾದರಿಯಲ್ಲಿ ಅದು 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ಈ ಮಾದರಿಯಲ್ಲಿ ರೆಕ್ಕೆಯ ಬುಡದಲ್ಲಿ ಅರ್ಧ ಮಿಲಿಮೀಟರ್ ಸಂದು ಉಳಿದಿದೆ ಎನ್ನಿ. 72ರಿಂದ ಗುಣಿಸಿದರೆ ನಿಜವಾದ ವಿಮಾನದಲ್ಲಿ ಅದು 3.6 ಸೆಂಟಿಮೀಟರ್! ಎರಡು ಬೆರಳು ಸಲೀಸಾಗಿ ತೂರುವಷ್ಟು. ಅಂಥ ವಿಮಾನವನ್ನು ಯಾವ ಪೈಲಟ್ ತಾನೇ ಹತ್ತಿಯಾನು? ಚಿಕ್ಕ ಸಂದು ನಮ್ಮ ಕಣ್ಣಿಗೆ ಅಷ್ಟೊಂದು ಚುಚ್ಚುವುದು ಇದಕ್ಕಾಗಿಯೇ.

ಬೆಂಗಳೂರಿನ ವಿಮಾನ ನಿರ್ಮಾಣದ ಕಥೆ ಆರಂಭವಾದದ್ದೇ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಜೋಡಿಸುವುದರಿಂದ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ವಾಲ್‌ಚಂದ್ ಹೀರಾಚಂದ್ ಅವರ ಮುಂದಾಳುತನದಲ್ಲಿ, ಮೈಸೂರು ಸರ್ಕಾರದ ಪಾಲುಗಾರಿಕೆಯೊಡನೆ, 1940ರ ಡಿಸೆಂಬರ್‌ನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಮರುವರ್ಷ, 1941ರಲ್ಲಿ, ಅಲ್ಲಿಂದ ಹೊರಬಂದ ಮೊದಲ ವಿಮಾನ ಹಾರ್ಲೋ ಎಂಬ ತರಬೇತಿ ವಿಮಾನ. ಅದರ ಭಾಗಗಳು ಅಮೆರಿಕದಿಂದ ಬಂದವು. ಅವನ್ನು ಜೋಡಿಸಿ ಹಾರಿಸಿದವರು ಬೆಂಗಳೂರಿನ ಕುಶಲಕರ್ಮಿಗಳು. ಮುಂದೆ 1951ರಲ್ಲಿ ನಮ್ಮದೇ ವಿನ್ಯಾಸದ ಎಚ್.ಟಿ.-2 ಹಾರಿತು, 1961ರ ಜೂನ್ 17ರಂದು ಮಾರುತ್ ಹಾರಿತು, 2001ರ ಜನವರಿ 4ರಂದು ಇಂದು ತೇಜಸ್ ಎಂದು ಕರೆಯಲ್ಪಡುವ ಹಗುರ ಯುದ್ಧವಿಮಾನ ಹಾರಿತು. ಬೇರೆಯವರು ಮಾಡಿದ ಭಾಗಗಳನ್ನು ಸರಿಯಾಗಿ ಕೂಡಿಸಲು ಕಲಿತದ್ದೇ ಈ ದೀರ್ಘ ಪಯಣದ ಮೊದಲ ಪಾಠ.

ಹಾಗಾದರೆ ಒಂದೇ ಕಾರ್ಖಾನೆಯಲ್ಲಿ, ಒಂದೇ ಯಂತ್ರದಲ್ಲಿ ತಯಾರಾದ ಭಾಗಗಳು ಒಂದಕ್ಕೊಂದು ಏಕೆ ಕೂಡುವುದಿಲ್ಲ? ಇದಕ್ಕೆ ಉತ್ತರ ನಿಮ್ಮ ಮನೆಯ ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿದೆ. ಮರದ ಅಚ್ಚಿನ ಎರಡು ಹೋಳುಗಳನ್ನು ಸೇರಿಸಿ, ಬಿಗಿಯಾಗಿ ಕಟ್ಟಿ, ಬಿಸಿ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚುತ್ತಾರೆ. ಹೋಳುಗಳ ನಡುವೆ ಸಂದಿದ್ದರೆ ಆನೆಯ ಬೆನ್ನಿನ ಮೇಲೆ ಸಕ್ಕರೆಯ ತೆಳುವಾದ ಏಣು ಮೂಡುತ್ತದೆ. ಒಂದು ಹೋಳು ಜಾರಿದ್ದರೆ ಗಿಣಿಯ ಎರಡು ಪಕ್ಕಗಳು ಹೊಂದುವುದಿಲ್ಲ. ಬೇಗ ಬಿಚ್ಚಿದರೆ ಗೋಪುರ ವಾಲುತ್ತದೆ. ಪ್ಲಾಸ್ಟಿಕ್ ಕಿಟ್‌ನಲ್ಲಿ ನಡೆಯುವುದೂ ಇದೇ. ಇಲ್ಲಿ ಅಚ್ಚು ಲೋಹದ್ದು, ಪಾಕ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಭಾರಿ ಒತ್ತಡದಲ್ಲಿ ಅಚ್ಚಿನೊಳಕ್ಕೆ ನುಗ್ಗಿಸುತ್ತಾರೆ.

ಬಿಸಿಯಾದದ್ದು ತಣಿದಾಗ ಕುಗ್ಗುತ್ತದೆ. ಪಾಲಿಸ್ಟೈರೀನ್ ತಣಿಯುವಾಗ ಸುಮಾರು ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. 22 ಸೆಂಟಿಮೀಟರ್ ಉದ್ದದ ಒಡಲಿನಲ್ಲಿ ಇದು 1.1 ಮಿಲಿಮೀಟರ್. ಅಚ್ಚು ಮಾಡುವವರು ಇದನ್ನು ಬಲ್ಲರು, ಆದ್ದರಿಂದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಕೊರೆಯುತ್ತಾರೆ. ತೊಂದರೆ ಬರುವುದು ಎರಡು ಹೋಳುಗಳು ಸಮನಾಗಿ ಕುಗ್ಗದಿದ್ದಾಗ. ಎಡ ಹೋಳು ಶೇಕಡಾ 0.4ರಷ್ಟು, ಬಲ ಹೋಳು ಶೇಕಡಾ 0.6ರಷ್ಟು ಕುಗ್ಗಿತು ಎಂದುಕೊಳ್ಳಿ. ಅವುಗಳ ಉದ್ದದಲ್ಲಿ 0.44 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಬಾಲದ ಬಳಿ ನೀವು ಕಂಡ ಹೆಚ್ಚಳ ಇದೇ. ದಪ್ಪವಿರುವ ಕಡೆ ಪ್ಲಾಸ್ಟಿಕ್ ನಿಧಾನವಾಗಿ ತಣಿದು ಮೇಲ್ಮೈ ಒಳಕ್ಕೆ ಗುಳಿ ಬೀಳುತ್ತದೆ. ಪೂರ್ತಿ ತಣಿಯುವ ಮೊದಲೇ ಹೊರತೆಗೆದರೆ ರೆಕ್ಕೆ ಬಾಗುತ್ತದೆ. ವರ್ಷಗಟ್ಟಲೆ ಬಳಸಿದ ಅಚ್ಚಿನ ಅಂಚು ಸವೆದರೆ ಭಾಗಗಳ ಸುತ್ತ ತೆಳು ಪೊರೆ ಮೂಡುತ್ತದೆ. ಹೆಚ್ಚು ಮಾರಾಟವಾಗದ ವಿಮಾನಗಳಿಗೆ ಸಣ್ಣ ತಯಾರಕರು ಕಡಿಮೆ ಖರ್ಚಿನ ಮೃದು ಲೋಹದ ಅಚ್ಚುಗಳನ್ನು ಬಳಸುತ್ತಾರೆ. ಅಂಥ ಕಿಟ್‌ಗಳಲ್ಲಿ ಭಾಗಗಳನ್ನು ನೇರವಾಗಿ ಕೂರಿಸುವ ಗೂಟ, ರಂಧ್ರಗಳು ಕೂಡ ಅನೇಕ ವೇಳೆ ಇರುವುದಿಲ್ಲ.

ಅಚ್ಚು ಕೊರೆಯುವುದು ಎಷ್ಟು ಸೂಕ್ಷ್ಮವಾದ ವಿದ್ಯೆ ಎಂಬುದನ್ನು ತಿಳಿಯಲು ಜ್ಞಾನಭಾರತಿಯ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಡೆನ್ಮಾರ್ಕ್ ದೇಶದ ಸಹಕಾರದೊಡನೆ 1972ರಲ್ಲಿ ಆರಂಭವಾದ ಈ ಕೇಂದ್ರ, ಹತ್ತನೆಯ ತರಗತಿ ಮುಗಿಸಿದವರಿಗೆ ಅಚ್ಚು ಮತ್ತು ಉಪಕರಣ ತಯಾರಿಕೆಯಲ್ಲಿ ಡಿಪ್ಲೊಮಾ ಶಿಕ್ಷಣ ನೀಡುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ಅದು. ನಮ್ಮ ಮನೆಯ ಬಕೆಟ್ಟು, ಪೆನ್ನಿನ ಮುಚ್ಚಳ, ಟಿವಿಯ ಹೊರಕವಚ, ಎಲ್ಲವೂ ಇಂಥ ಅಚ್ಚುಗಳಿಂದಲೇ ಹೊರಬಂದವು.

ಈಗ ಕೆಲಸದ ಮೇಜಿಗೆ ಬರೋಣ. ಮೊದಲ ನಿಯಮ ಇದು: ಅಂಟು ಮುಟ್ಟುವ ಮೊದಲು ಭಾಗಗಳನ್ನು ಒಣದಾಗಿಯೇ ಜೋಡಿಸಿ ನೋಡಿ. ಚೌಕಟ್ಟಿನಿಂದ ಭಾಗವನ್ನು ತಿರುಚಿ ಮುರಿಯಬೇಡಿ. ಭಾಗದಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಅರದಿಂದ ಉಜ್ಜಿ ಸಮ ಮಾಡಿ. ಅಂಚಿನ ಪೊರೆಯನ್ನು ಹೆರೆದು ತೆಗೆಯಿರಿ. ನಂತರ ಎರಡು ಹೋಳುಗಳನ್ನು ಸೇರಿಸಿ, ಅಲ್ಲಲ್ಲಿ ಟೇಪು ಹಚ್ಚಿ, ದೀಪದ ಎದುರು ಹಿಡಿಯಿರಿ. ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಸಂದು ಇರುವ ಜಾಗದಲ್ಲೇ ದೋಷವಿದೆ ಎಂದು ಭಾವಿಸಬಾರದು. ಬಾಗಿಲು ಮೇಲ್ಗಡೆ ಹಿಡಿಯುತ್ತಿದ್ದರೆ ಬಡಗಿ ಮೊದಲು ಕೆಳಗಿನ ಕೀಲನ್ನು ನೋಡುತ್ತಾನೆ, ಅಲ್ಲವೇ? ರೆಕ್ಕೆಯ ಬುಡದಲ್ಲಿ ಸಂದು ಕಂಡರೆ, ಒಳಗಿರುವ ಕಾಕ್‌ಪಿಟ್‌ನ ನೆಲಹಾಸು ಅರ್ಧ ಮಿಲಿಮೀಟರ್ ಅಗಲವಾಗಿದ್ದು ಹೋಳುಗಳನ್ನು ದೂರ ತಳ್ಳುತ್ತಿರಬಹುದು. ಕೂಡುವ ಅಂಚಿಗೆ ಹಚ್ಚಿದ ಬಣ್ಣದ ಪದರವೇ ಅಡ್ಡ ಬಂದಿರಬಹುದು. ಒಂದೊಂದೇ ಭಾಗವನ್ನು ತೆಗೆದು, ಮತ್ತೆ ಜೋಡಿಸಿ ನೋಡಿದರೆ ಅಪರಾಧಿ ಸಿಕ್ಕಿಬೀಳುತ್ತಾನೆ. ಪ್ರಯೋಗಾಲಯದಲ್ಲಿ ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ನೋಡುವುದನ್ನು ನೀವು ಕಲಿತಿದ್ದೀರಷ್ಟೆ. ಇಲ್ಲಿಯೂ ಅದೇ ವಿಧಾನ.

ಎರಡನೆಯ ನಿಯಮ: ತಪ್ಪನ್ನು ಎಲ್ಲಿಗೆ ಕಳಿಸಬೇಕು ಎಂದು ನೀವೇ ತೀರ್ಮಾನಿಸಿ. ಒಂದು ಹೋಳು ಉದ್ದ, ಇನ್ನೊಂದು ಗಿಡ್ಡ ಎಂದಾದ ಮೇಲೆ ಆ ವ್ಯತ್ಯಾಸ ಎಲ್ಲಿಯಾದರೂ ಕಾಣಿಸಿಕೊಳ್ಳಲೇಬೇಕು. ಕಾಕ್‌ಪಿಟ್‌ನ ಸುತ್ತ ಪಾರದರ್ಶಕ ಮುಚ್ಚಳ ಕೂರಬೇಕು, ಅಲ್ಲಿ ಉಜ್ಜಿ ತಿದ್ದುವುದು ಕಷ್ಟ. ಆದ್ದರಿಂದ ಅಂಟಿಸುವ ಕೆಲಸವನ್ನು ಅಲ್ಲಿಂದ ಶುರು ಮಾಡಿ ವ್ಯತ್ಯಾಸವನ್ನು ಬಾಲದ ತುದಿಗೆ ಅಥವಾ ಹೊಟ್ಟೆಯ ಭಾಗಕ್ಕೆ ಸಾಗಿಸಿ. ಅಲ್ಲಿ ಅರ ಆಡಿಸಲು ಜಾಗವಿದೆ. ಹಾಗೆಯೇ ರೆಕ್ಕೆಯ ಮೇಲ್ಭಾಗದ ಕೂಡುಗೆರೆ ಎದ್ದು ಕಾಣುತ್ತದೆ, ಕೆಳಭಾಗದ್ದು ಮರೆಯಲ್ಲಿರುತ್ತದೆ. ಮೇಲಿನದು ಸರಿಯಾಗಿ ಕೂಡಲಿ, ಉಳಿದ ಸಂದು ಕೆಳಕ್ಕೆ ಹೋಗಲಿ.

ಮೂರನೆಯ ನಿಯಮ: ಕಡಿಮೆಯಾದಲ್ಲಿ ತುಂಬಿ, ಹೆಚ್ಚಾದಲ್ಲಿ ತೆಗೆಯಿರಿ, ಬಾಗಿದ್ದನ್ನು ನೇರ ಮಾಡಿ. ಬಾಗಿದ ರೆಕ್ಕೆಯನ್ನು ಹಾಗೆಯೇ ಬಗ್ಗಿಸಹೋದರೆ ಪಟ್ಟನೆ ಮುರಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನೆನೆಯಿರಿ. ಆದರೆ ಪ್ಲಾಸ್ಟಿಕ್ಕಿಗೆ ಒಂದು ಅನುಕೂಲವಿದೆ, ಅದನ್ನು ಮತ್ತೆ ಗಿಡವಾಗಿಸಬಹುದು! ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯಲ್ಲಿ ಗಡಸುತನ ಕಳೆದುಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯ, ಕುದಿಯದ ಬಿಸಿ ನೀರಿನಲ್ಲಿ ಕೆಲವು ಕ್ಷಣ ಅದ್ದಿ, ಮೆಲ್ಲಗೆ ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಹಾಕಿದರೆ ಹೊಸ ಆಕಾರ ನಿಲ್ಲುತ್ತದೆ. ಇಕ್ಕಳ ಬಳಸಿ. ಕಿರಿಯರು ಈ ಕೆಲಸವನ್ನು ದೊಡ್ಡವರ ಎದುರಿನಲ್ಲಿಯೇ ಮಾಡಬೇಕು.

ರೆಕ್ಕೆಯ ಬುಡದಲ್ಲಿ ಎರಡೂ ಕಡೆ ಸಂದು ಕಂಡರೆ ಒಡಲು ಆ ಜಾಗದಲ್ಲಿ ಒಳಕ್ಕೆ ಕುಗ್ಗಿದೆ ಎಂದರ್ಥ. ಹೋಳುಗಳನ್ನು ಮುಚ್ಚುವ ಮೊದಲೇ ಚೌಕಟ್ಟಿನ ಉಳಿದ ಕಡ್ಡಿಯಿಂದ ಒಂದು ತುಂಡನ್ನು ಅಳತೆಗೆ ಕತ್ತರಿಸಿ, ಒಡಲಿನೊಳಗೆ ಅಡ್ಡಲಾಗಿ ತೊಲೆಯಂತೆ ಕೂರಿಸಿ. ಒಡಲು ಬೇಕಾದಷ್ಟು ಅಗಲವಾಗಿ ನಿಲ್ಲುತ್ತದೆ. ಒಂದೇ ಕಡೆ ಅಗಲವಾದ ಸಂದು ಉಳಿದರೆ ತೆಳುವಾದ ಪಾಲಿಸ್ಟೈರೀನ್ ಹಾಳೆಯ ಪಟ್ಟಿಯನ್ನು ಅದರೊಳಗೆ ತೂರಿಸಿ, ಅಂಟಿಸಿ, ಒಣಗಿದ ಮೇಲೆ ಹೆಚ್ಚಾದುದನ್ನು ಉಜ್ಜಿ. ಮನೆಯಲ್ಲಿರುವ ಪ್ಲಾಸ್ಟಿಕ್ ಚೂರನ್ನು ಬಳಸುವುದಾದರೆ ಅದರ ಮೇಲಿನ ತ್ರಿಕೋನ ಚಿಹ್ನೆಯನ್ನು ನೋಡಿ. ಒಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಅದನ್ನು ಮಾದರಿಗಳ ಅಂಟು ಹಿಡಿಯುವುದಿಲ್ಲ.

ಏಕೆ ಹಿಡಿಯುವುದಿಲ್ಲ ಎಂಬುದು ಸ್ವಾರಸ್ಯಕರ ವಿಷಯ. ಮಾದರಿ ವಿಮಾನದ ಅಂಟು ಗೋಂದಿನಂಥದ್ದಲ್ಲ. ಅದು ಬ್ಯುಟೈಲ್ ಅಸಿಟೇಟ್, ಬ್ಯುಟನೋನ್‌ಗಳಂಥ ದ್ರಾವಕ. ಪಾಲಿಸ್ಟೈರೀನ್ ಎಂದರೆ ಉದ್ದುದ್ದನೆಯ ಅಣುಸರಪಳಿಗಳು, ಒಣ ಶಾವಿಗೆಯ ಕಟ್ಟಿನ ಹಾಗೆ. ದ್ರಾವಕ ತಾಗಿದಾಗ ಎರಡು ಅಂಚುಗಳ ಶಾವಿಗೆಯೂ ಮೆತ್ತಗಾಗಿ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ದ್ರಾವಕ ಆವಿಯಾದ ಮೇಲೆ ಎರಡು ಭಾಗಗಳು ಒಂದೇ ಆಗಿಬಿಡುತ್ತವೆ. ಪಾಲಿಪ್ರೊಪಿಲೀನ್ ಈ ದ್ರಾವಕಗಳಲ್ಲಿ ಕರಗದು, ಆದ್ದರಿಂದ ಬೆಸುಗೆಯೂ ಆಗದು. ಅಂಟನ್ನು ಒಮ್ಮೆಗೇ ಉದ್ದಕ್ಕೂ ಹಚ್ಚದೆ, ಎರಡು ಮೂರು ಸೆಂಟಿಮೀಟರ್ ಹಚ್ಚಿ, ಕೂಡಿಸಿ, ಹಿಡಿದ ಮೇಲೆ ಮುಂದುವರಿಯಿರಿ. ಟೇಪು, ರಬ್ಬರ್ ಬ್ಯಾಂಡು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಒಳ್ಳೆಯ ಸಹಾಯಕರು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಊದುಬತ್ತಿ ಉರಿಯದಿರಲಿ. ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಈ ದ್ರಾವಕ ಬೇಡ, ತಾಗಿದ ಕಡೆ ಮಸುಕಾಗುತ್ತದೆ. ಮರಕ್ಕೆ ಬಳಸುವ ಬಿಳಿ ಅಂಟು ಅಲ್ಲಿಗೆ ಸಾಕು. ಅದರ ಸುತ್ತಲಿನ ಸಣ್ಣ ಸಂದನ್ನೂ ಅದೇ ತುಂಬುತ್ತದೆ, ಹೆಚ್ಚಾದುದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು.

ಕೂದಲೆಳೆಯಷ್ಟು ಉಳಿದ ಸಂದಿಗೆ ಪುಟ್ಟಿ, ಎಂದರೆ ಬಡಗಿಗಳು ಹೇಳುವ ಲಪ್ಪ, ಬೇಕಾಗುತ್ತದೆ. ಚೌಕಟ್ಟಿನ ಕಡ್ಡಿಯನ್ನು ಸಣ್ಣಗೆ ಚೂರು ಮಾಡಿ, ಅಂಟಿನ ಬಾಟಲಿಯ ತಳದಲ್ಲಿ ಉಳಿದ ದ್ರಾವಕದಲ್ಲಿ ಒಂದು ರಾತ್ರಿ ನೆನೆಹಾಕಿದರೆ ಒಳ್ಳೆಯ ಪುಟ್ಟಿ ಸಿದ್ಧ. ಅದು ಮಾದರಿಯ ಪ್ಲಾಸ್ಟಿಕ್ಕೇ ಆದ್ದರಿಂದ ಒಣಗಿದ ಮೇಲೆ ಅದೇ ಗಡಸುತನ ಬರುತ್ತದೆ. ದ್ರಾವಕ ಆವಿಯಾದಂತೆ ಪುಟ್ಟಿ ಕುಗ್ಗುವುದರಿಂದ ಒಂದೇ ಸಲ ದಪ್ಪಗೆ ಮೆತ್ತದೆ ಎರಡು ಸಲ ತೆಳುವಾಗಿ ಹಚ್ಚಿ. ಕನಿಷ್ಠ ಒಂದು ದಿನ ಬಿಡಿ. ಬಳಿಕ 400, 600, 1000 ಸಂಖ್ಯೆಯ ಉಪ್ಪುಕಾಗದಗಳಿಂದ, ನೀರು ಹಚ್ಚಿ, ಕ್ರಮವಾಗಿ ಉಜ್ಜಿ. ನೀರಿದ್ದರೆ ಪ್ಲಾಸ್ಟಿಕ್ಕಿನ ಧೂಳು ಉಸಿರಿಗೆ ಸೇರುವುದಿಲ್ಲ.

ಸಮವಾಯಿತೇ ಎಂದು ತಿಳಿಯುವುದು ಹೇಗೆ? ಇದಕ್ಕೆ ನಮ್ಮ ಟಿವಿ ಸ್ಟುಡಿಯೋದ ಒಂದು ಉಪಾಯವಿದೆ. ಎದುರಿನಿಂದ ಬೀಳುವ ಬೆಳಕು ಮೇಲ್ಮೈಯ ಏರುತಗ್ಗುಗಳನ್ನು ಮರೆಸುತ್ತದೆ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ಅವನ್ನು ತೋರಿಸಿಕೊಡುತ್ತದೆ. ನಿರೂಪಕರ ಮುಖದ ಸುಕ್ಕು ಕಾಣಬಾರದೆಂದರೆ ದೀಪವನ್ನು ಎದುರಿಗೆ ತರುತ್ತೇವೆ, ಕಲ್ಲಿನ ಕೆತ್ತನೆ ಕಾಣಬೇಕೆಂದರೆ ಪಕ್ಕಕ್ಕೆ ಸರಿಸುತ್ತೇವೆ. ಮೇಜಿನ ದೀಪವನ್ನು ಕೆಳಕ್ಕೆ ತಗ್ಗಿಸಿ, ಓರೆ ಬೆಳಕಿನಲ್ಲಿ ಕೂಡುಗೆರೆಯನ್ನು ನೋಡಿ. ಮೇಲೆ ಬೂದು ಬಣ್ಣದ ಒಂದು ತೆಳು ಲೇಪ ಕೊಟ್ಟರೆ ಉಳಿದ ದೋಷವೂ ಎದ್ದು ಕಾಣುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಇಷ್ಟೆಲ್ಲ ಏಕೆ? ಬಲವಾಗಿ ಒತ್ತಿ ಹಿಡಿದು ಅಂಟಿಸಿದರೆ ಸಾಲದೇ? ಸಾಲದು. ಬಗ್ಗಿಸಿ ಹಿಡಿದ ಭಾಗ ಸ್ಪ್ರಿಂಗಿನಂತೆ ತನ್ನ ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತಲೇ ಇರುತ್ತದೆ. ನಿಮ್ಮ ಬೆರಳು ತೆಗೆದ ಮೇಲೆ ಆ ಎಳೆತವನ್ನೆಲ್ಲ ಹೊರಬೇಕಾದದ್ದು ಅಂಟಿನ ಗೆರೆ. ಇದರ ಜೊತೆಗೆ, ಎಳೆತದಲ್ಲಿರುವ ಪಾಲಿಸ್ಟೈರೀನ್‌ಗೆ ದ್ರಾವಕ ತಾಗಿದರೆ ಅದರಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಇಂದು ಕೂಡಿದಂತೆ ಕಂಡದ್ದು ಬೇಸಿಗೆಯ ಒಂದು ಮಧ್ಯಾಹ್ನ ಬಣ್ಣವನ್ನೂ ಸೀಳಿಕೊಂಡು ಬಿಡುತ್ತದೆ. ಒಡಲಿನೊಳಗೆ ಇಟ್ಟ ಅಡ್ಡ ಕಡ್ಡಿಯ ಮಾತು ಬೇರೆ, ಅಲ್ಲಿ ಎಳೆತವನ್ನು ಕಡ್ಡಿ ಹೊರುತ್ತದೆ, ಅಂಟು ಹೊರುವುದಿಲ್ಲ. ಬಲವಂತದಿಂದ ಮುಚ್ಚಿದ ಸಂದು ನಿಜವಾಗಿ ಮುಚ್ಚಿರುವುದಿಲ್ಲ, ಕಣ್ಣಿಗೆ ಮರೆಯಾಗಿರುತ್ತದೆ, ಅಷ್ಟೆ.

ನಿಜವಾದ ವಿಮಾನದಲ್ಲಿ ಈ ಮಾತಿನ ತೂಕ ಇನ್ನೂ ಹೆಚ್ಚು. ಎಷ್ಟೇ ಎಚ್ಚರಿಕೆಯಿಂದ ತಯಾರಿಸಿದರೂ ದೊಡ್ಡ ಭಾಗಗಳ ನಡುವೆ ಸಣ್ಣ ಸಂದುಗಳು ಉಳಿಯುತ್ತವೆ. ಅವನ್ನು ಬೋಲ್ಟುಗಳಿಂದ ಎಳೆದು ಮುಚ್ಚಿದರೆ ಆ ಎಳೆತ ಲೋಹದಲ್ಲಿ ಅಥವಾ ನಾರಿನ ಸಂಯುಕ್ತ ವಸ್ತುವಿನಲ್ಲಿ ಉಳಿದು, ವರ್ಷಗಳ ಹಾರಾಟದಲ್ಲಿ ದಣಿವಿನ ಬಿರುಕಿಗೆ ಕಾರಣವಾಗಬಹುದು. ಆದ್ದರಿಂದ ಸಂದನ್ನು ಅಳೆದು, ಅಷ್ಟೇ ದಪ್ಪದ ತೆಳು ಬಿಲ್ಲೆಯನ್ನು ಅದರೊಳಗೆ ಕೂರಿಸುತ್ತಾರೆ. ಇದಕ್ಕೆ 'ಶಿಮ್' ಎಂದು ಹೆಸರು. ನೀವು ತೂರಿಸಿದ ಪಾಲಿಸ್ಟೈರೀನ್ ಪಟ್ಟಿಯ ಅಣ್ಣ! ಬೋಯಿಂಗ್ 787 ವಿಮಾನದಲ್ಲಿ ಒಡಲಿನ ಭಾಗಗಳು ಕೂಡುವಲ್ಲಿ ಶಿಮ್ ಇಲ್ಲದೆ ಬಿಡಬಹುದಾದ ಸಂದಿನ ಮಿತಿ ಒಂದು ಅಂಗುಲದ ಸಾವಿರದ ಐದು ಭಾಗ, ಎಂದರೆ ಸುಮಾರು 0.13 ಮಿಲಿಮೀಟರ್. 2020ರಲ್ಲಿ ಕೆಲವು ವಿಮಾನಗಳಲ್ಲಿ ಶಿಮ್‌ನ ಅಳತೆ ತಪ್ಪಿದೆ ಎಂದು ತಿಳಿದಾಗ ಎಂಟು ವಿಮಾನಗಳ ಹಾರಾಟವನ್ನು ನಿಲ್ಲಿಸಲಾಯಿತು. ಮುಂದೆ ತಪಾಸಣೆಯಲ್ಲಿ ಇನ್ನಷ್ಟು ಕೂಡುಗೆರೆಗಳ ಪ್ರಶ್ನೆ ಎದ್ದು, 2021ರ ಮೇ ಕೊನೆಯಿಂದ 2022ರ ಆಗಸ್ಟ್‌ವರೆಗೆ ಹೊಸ 787 ವಿಮಾನಗಳನ್ನು ಗ್ರಾಹಕರಿಗೆ ಒಪ್ಪಿಸುವುದೇ ನಿಂತಿತ್ತು. ಕಾಗದದ ಹಾಳೆಯಷ್ಟು ದಪ್ಪದ ಸಂದು ಒಂದು ಮಹಾ ಕಾರ್ಖಾನೆಯನ್ನು ಕಾಯಿಸಿತು!

ನಮ್ಮ ಮಾರುತ್ ವಿಮಾನದ ವಿಷಯದಲ್ಲಿಯೂ ಮಾದರಿಗೆ ಒಂದು ಗೌರವದ ಸ್ಥಾನವಿದೆ. ಜರ್ಮನಿಯ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿನ್ಯಾಸ ನಡೆಯುತ್ತಿದ್ದಾಗ, ಮೊದಲು ಅದೇ ಆಕಾರದ, ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ತಯಾರಿಸಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಬೆಂಗಳೂರಿನ ಆಕಾಶಕ್ಕೆ ಎಳೆದೊಯ್ದು ಬಿಟ್ಟಿತು. 1:1 ಪ್ರಮಾಣದ ಮಾದರಿ ಎನ್ನೋಣವೇ? ಎಂಜಿನ್ ಹೊತ್ತ ವಿಮಾನ ಹಾರುವ ಮೊದಲೇ, ಆ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಈ ಮರದ ಮಾದರಿ ಹೇಳಿಕೊಟ್ಟಿತು.

ಆ ಮಾರುತ್ ಅನ್ನು ನೀವು ಕಣ್ಣಾರೆ ಕಾಣಬಹುದು. ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಸಮೀಪದಲ್ಲೇ ಇದೆ. ಅಲ್ಲಿ ನಿಂತಿರುವ ವಿಮಾನದ ಸುತ್ತ ಒಮ್ಮೆ ಬನ್ನಿ. ರೆಕ್ಕೆ ಒಡಲನ್ನು ಸೇರುವ ಜಾಗವನ್ನು ನೋಡಿ. ಹಾರಾಟದಲ್ಲಿ ಅಲುಗಾಡುವ ಭಾಗಗಳ ಸುತ್ತ ಸಂದು ಇರಲೇಬೇಕು, ತಗಡುಗಳು ಕೂಡುವಲ್ಲಿ ಗೆರೆ ಇದ್ದೇ ಇರುತ್ತದೆ. ಯಾವ ಗೆರೆ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಪುಟ್ಟಿ ಕೈಗೆತ್ತಿಕೊಂಡಾಗ ಯಾವ ಸಂದನ್ನು ಮುಚ್ಚಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದು ಆಗ ನಿಮಗೆ ಗೊತ್ತಿರುತ್ತದೆ.

ಮಿತ್ರರೇ, ಕೂಡದ ಭಾಗ ನಿಮ್ಮ ಕೈಚಳಕಕ್ಕೆ ಬಂದ ಅಪಮಾನವಲ್ಲ. ಅಚ್ಚಿನೊಳಗೆ ಏನು ನಡೆಯಿತು ಎಂಬುದರ ವರದಿ ಅದು. ಅದನ್ನು ಓದಿ, ಅಳೆಯಿರಿ, ಕಾರಣ ಹುಡುಕಿ, ಆಮೇಲೆ ಕೈ ಹಾಕಿ. ಅಟ್ಟದ ಮೇಲೆ ಅರ್ಧಕ್ಕೆ ನಿಂತ ಪೆಟ್ಟಿಗೆ ಇದ್ದರೆ ಈ ಭಾನುವಾರ ಕೆಳಗಿಳಿಸಿ. ಅಂಟಿನ ಬಾಟಲಿಯನ್ನು ಪಕ್ಕಕ್ಕಿಟ್ಟು, ಮೊದಲು ಟೇಪು ಮತ್ತು ಪೆನ್ಸಿಲ್ ಹಿಡಿಯಿರಿ.